ಒಂದೇ ಒಲೆಯ ಮನೆ

ಅಮೆರಿಕದ ನ್ಯೂಯಾರ್ಕ್ ರಾಜ್ಯಕ್ಕೆ ಸೇರಿದ ವೈಟ್ ಪ್ಲೇನ್ಸ್ ನಗರದ ಒಂದು ಬಾಡಿಗೆ ಮನೆಯ ಕುರಿತಾದ ವ್ಯಾಜ್ಯವು 1974ರಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯದಲ್ಲಿ ತೀರ್ಮಾನವಾಯಿತು. ಆ ಮನೆಯಲ್ಲಿದ್ದವರು ಗಂಡ, ಹೆಂಡತಿ, ಅವರ ಇಬ್ಬರು ಮಕ್ಕಳು ಮತ್ತು ಹತ್ತು ಮಂದಿ ಸಾಕುಮಕ್ಕಳು. ಹೆತ್ತವರ ಆಸರೆ ತಪ್ಪಿದ ಮಕ್ಕಳನ್ನು ದೊಡ್ಡ ಅನಾಥಾಲಯಗಳಲ್ಲಿ ಕೂಡಿಹಾಕುವ ಬದಲು ಸಂಸಾರದ ವಾತಾವರಣದಲ್ಲಿ ಬೆಳೆಸಬೇಕೆಂಬ ಉದ್ದೇಶದಿಂದ ಅಬಾಟ್ ಹೌಸ್ ಎಂಬ ಪರವಾನಗಿ ಪಡೆದ ಸಂಸ್ಥೆಯು ಈ ಏರ್ಪಾಟನ್ನು ಮಾಡಿತ್ತು. ಮನೆಯ ಬಾಡಿಗೆ, ದಂಪತಿಗಳ ಸಂಬಳ, ಅಡಿಗೆಯ ವೆಚ್ಚ ಎಲ್ಲವೂ ಸಂಸ್ಥೆಯದೇ. ಹದಿನಾಲ್ಕು ಜನರಿಗೂ ಒಂದೇ ಒಲೆ.

ನಗರಾಡಳಿತವು ಇದಕ್ಕೆ ತಡೆ ಕೋರಿತು. ಆ ಪ್ರದೇಶವು ಏಕಕುಟುಂಬದ ಮನೆಗಳಿಗೆ ಮೀಸಲಾದ ವಲಯ. ಸಂಸ್ಥೆಯ ಹಣದಿಂದ ನಡೆಯುವ ಈ ಮನೆಯವರು ಕುಟುಂಬವಲ್ಲ ಎಂಬುದು ಅದರ ವಾದ. ನಿಯಮದಲ್ಲಿ ಕುಟುಂಬವೆಂದರೆ ಗಂಡ ಹೆಂಡತಿ, ತಂದೆತಾಯಿ, ಅಜ್ಜ ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಒಡಹುಟ್ಟಿದವರು ಎಂದು ಎಣಿಸಿ ಹೇಳಲಾಗಿತ್ತು. ಸಾಕುಮಕ್ಕಳು ಆ ಎಣಿಕೆಯಲ್ಲಿರಲಿಲ್ಲ. ಕೆಳಗಿನ ನ್ಯಾಯಾಲಯಗಳು ನಗರದ ಪರವಾಗಿಯೇ ನಿಂತವು.

ಇಂತಹ ನಿಯಮಗಳ ಮೂಲವನ್ನು ಸ್ವಲ್ಪ ನೋಡಬೇಕು. ನ್ಯೂಯಾರ್ಕ್ ನಗರವು 1916ರಲ್ಲಿ ಸಮಗ್ರವಾದ ವಲಯ ವಿಂಗಡಣೆಯನ್ನು ಜಾರಿಗೆ ತಂದಿತು. ಓಹಾಯೋ ರಾಜ್ಯದ ಯೂಕ್ಲಿಡ್ ಎಂಬ ಗ್ರಾಮವು ಮಾಡಿದ ವಿಂಗಡಣೆಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1926ರಲ್ಲಿ ಎತ್ತಿಹಿಡಿಯಿತು. ವಾಸದ ಮನೆಗಳ ನಡುವೆ ಕಾರ್ಖಾನೆಯ ಹೊಗೆ, ಗದ್ದಲ ಬಾರದಿರಲಿ ಎಂಬುದು ನ್ಯಾಯವಾದ ಅಪೇಕ್ಷೆಯೇ. ಆದರೆ ಅಂದೇ ಆ ನ್ಯಾಯಾಲಯವು ಬಾಡಿಗೆಯ ವಸತಿ ಕಟ್ಟಡಗಳನ್ನೂ ಒಂಟಿ ಮನೆಗಳ ಬೀದಿಗೆ ಕಂಟಕವೆಂಬಂತೆ ಕಂಡಿತು. ಹೊಗೆಯನ್ನು ತಡೆಯಲು ಎದ್ದ ಗೋಡೆಯು ಜನರನ್ನೂ ತಡೆಯತೊಡಗಿದ್ದು ಹೀಗೆ.

1974ರ ಏಪ್ರಿಲ್‌ನಲ್ಲಿ ಇನ್ನೊಂದು ತೀರ್ಪು ಬಂದಿತು. ಲಾಂಗ್ ಐಲೆಂಡಿನ ಬೆಲ್ ಟೆರ್ ಸುಮಾರು 220 ಮನೆಗಳ, 700 ಜನರ ಗ್ರಾಮ. ರಕ್ತಸಂಬಂಧವಿಲ್ಲದವರು ಇಬ್ಬರಿಗಿಂತ ಹೆಚ್ಚು ಮಂದಿ ಒಂದೇ ಮನೆಯಲ್ಲಿ ಇರಕೂಡದೆಂಬುದು ಅಲ್ಲಿನ ನಿಯಮ. ಆರು ಮಂದಿ ವಿದ್ಯಾರ್ಥಿಗಳು ಕೂಡಿ ಬಾಡಿಗೆಗೆ ಇದ್ದುದರಿಂದ ಹುಟ್ಟಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಗ್ರಾಮದ ಪರವಾಗಿ ತೀರ್ಪಿತ್ತಿತು. ಈ ತೀರ್ಪಿನ ಬೆನ್ನಲ್ಲೇ ಬಂದ ವೈಟ್ ಪ್ಲೇನ್ಸ್ ಮಕ್ಕಳ ಪ್ರಕರಣವು ಸೋಲುವುದೇ ಸಹಜವೆಂದು ಯಾರಿಗಾದರೂ ತೋರುತ್ತಿತ್ತು.

ಹಾಗಾಗಲಿಲ್ಲ. ಮುಖ್ಯ ನ್ಯಾಯಾಧೀಶ ಚಾರ್ಲ್ಸ್ ಬ್ರೈಟೆಲ್ ಬರೆದ ತೀರ್ಪಿನ ತಿರುಳು ಹೀಗಿದೆ: ವಲಯ ನಿಯಮವು ಬೀದಿಯ ಬಗೆಯನ್ನು, ವಾಸದ ರೀತಿಯನ್ನು ನಿಯಂತ್ರಿಸಬಹುದು, ಮನೆಯೊಳಗಿನವರ ರಕ್ತಸಂಬಂಧವನ್ನು ತೂಗಲು ಅದಕ್ಕೆ ಅಧಿಕಾರವಿಲ್ಲ. ವಿದ್ಯಾರ್ಥಿಗಳು ಕೆಲಕಾಲ ಇದ್ದು ಹೋಗುವವರು. ಈ ಮಕ್ಕಳಾದರೋ ತಂದೆತಾಯಿಗಳ ಸ್ಥಾನದಲ್ಲಿರುವ ದಂಪತಿಗಳೊಡನೆ ಸ್ಥಿರವಾಗಿ ಬೆಳೆಯುವವರು. ಹೊರಗಿನಿಂದ ನೋಡಿದರೂ ಒಳಗೆ ಹೊಕ್ಕು ನೋಡಿದರೂ ಇದು ಸಂಸಾರವೇ. ಮನೆಯ ವಿಸ್ತೀರ್ಣಕ್ಕೆ ತಕ್ಕ ಜನಸಂಖ್ಯೆಯ ಮಿತಿಯನ್ನು ನಗರವು ಎಲ್ಲರಿಗೂ ಸಮಾನವಾಗಿ ವಿಧಿಸಬಹುದೆಂಬುದನ್ನೂ ನ್ಯಾಯಾಲಯವು ಒಪ್ಪಿತು.

ರಕ್ತಸಂಬಂಧವಿದ್ದರೂ ಸಾಲದೆಂಬ ವಿಚಿತ್ರವೂ ನಡೆಯಿತು. ಓಹಾಯೋದ ಈಸ್ಟ್ ಕ್ಲೀವ್ಲೆಂಡಿನಲ್ಲಿ ಐನೆಜ್ ಮೂರ್ ಎಂಬ ಅಜ್ಜಿಯು ತನ್ನ ಮಗ ಮತ್ತು ಇಬ್ಬರು ಮೊಮ್ಮಕ್ಕಳೊಡನೆ ಇದ್ದಳು. ಮೊಮ್ಮಕ್ಕಳು ಒಡಹುಟ್ಟಿದವರಲ್ಲ, ಅಣ್ಣತಮ್ಮಂದಿರ ಮಕ್ಕಳು; ಒಬ್ಬನು ತಾಯಿ ತೀರಿಕೊಂಡ ಮೇಲೆ ಹಸುಗೂಸಾಗಿ ಅಜ್ಜಿಯ ಮಡಿಲಿಗೆ ಬಂದವನು. ಅವನನ್ನು ಮನೆಯಿಂದ ಕಳುಹಿಸದ ತಪ್ಪಿಗೆ ಅಜ್ಜಿಗೆ ಐದು ದಿನಗಳ ಸೆರೆ, 25 ಡಾಲರು ದಂಡ! 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಶಿಕ್ಷೆಯನ್ನು ರದ್ದುಗೊಳಿಸಿತು, ಅದೂ ನಾಲ್ವರ ವಿರುದ್ಧ ಐವರ ಬಹುಮತದಿಂದ. ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಒಂದೇ ಎಲೆಯಲ್ಲಿ ಉಂಡು ಬೆಳೆದ ನಮ್ಮ ಮನೆತನಗಳಿಗೆ ಇದು ನಂಬಲು ಕಷ್ಟವಾದ ಸಂಗತಿ.

ಲಾಂಗ್ ಐಲೆಂಡಿನ ಪೋರ್ಟ್ ವಾಷಿಂಗ್ಟನ್ನಿನಲ್ಲಿ ಏಳು ಮಕ್ಕಳು ಮತ್ತು ಇಬ್ಬರು ಪೋಷಕರಿಗಾಗಿ ಕೇಳಿದ ಪರವಾನಗಿಯನ್ನು ಸ್ಥಳೀಯ ಅಧಿಕಾರಿಗಳು ನಿರಾಕರಿಸಿದಾಗ, 1978ರಲ್ಲಿ ರಾಜ್ಯದ ನ್ಯಾಯಾಲಯವು ಮತ್ತೆ ಮಕ್ಕಳ ಪರವಾಗಿ ನಿಂತಿತು. 1985ರಲ್ಲಿ ಆಯ್ಸ್ಟರ್ ಬೇ ಪ್ರಕರಣದಲ್ಲಿ ರಕ್ತಸಂಬಂಧವನ್ನೇ ಆಧರಿಸಿದ ಅಂಥದೊಂದು ವ್ಯಾಖ್ಯೆಯನ್ನು ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು.

ಆದರೂ 1974ರ ತೀರ್ಪಿನಲ್ಲಿ ಒಂದು ಕೊರತೆ ಉಳಿದಿತ್ತೆಂದು ಹೇಳಲೇಬೇಕು. ಆ ಮಕ್ಕಳು ಗೆದ್ದದ್ದು ಅವರ ಮನೆ ಸಂಸಾರವನ್ನು ಹೋಲುತ್ತಿದ್ದುದರಿಂದ. ರಾತ್ರೋರಾತ್ರಿ ಮನೆ ಕಳೆದುಕೊಂಡು, ಮೂರು ವಾರವೋ ಮೂರು ತಿಂಗಳೋ ತಂಗಲು ಬರುವ ಹುಡುಗನು ಆ ವಾದದಂತೆ ‘ಕೆಲಕಾಲ ಇದ್ದು ಹೋಗುವವನು’. ಆಸರೆಯ ಅಗತ್ಯ ಅವನಿಗೇ ಹೆಚ್ಚು.

ಶ್ರಾವಕಾಚಾರದ ದೃಷ್ಟಿಯಿಂದ ನೋಡಿದಾಗ ಇಲ್ಲಿ ಎರಡು ಮಾತುಗಳು ತೋರುತ್ತವೆ. ಆಚಾರ್ಯ ಸಮಂತಭದ್ರರು ರತ್ನಕರಂಡಕದಲ್ಲಿ ಆಹಾರ, ಔಷಧ, ಉಪಕರಣಗಳ ಜೊತೆಗೆ ಆವಾಸವನ್ನೂ ವೈಯಾವೃತ್ಯದ ಅಂಗವಾಗಿ ಹೇಳಿದ್ದಾರೆ. ಅದು ಮೂಲತಃ ಸಂಯಮಿಗಳ ಸೇವೆಗೆ ಸಂಬಂಧಿಸಿದ್ದು. ಅದನ್ನು ನೇರವಾಗಿ ಈ ಮಕ್ಕಳಿಗೆ ಅನ್ವಯಿಸಿದರೆ ಶಾಸ್ತ್ರವನ್ನು ಎಳೆದಾಡಿದಂತಾಗುತ್ತದೆ. ಅದಕ್ಕಿಂತ ಹತ್ತಿರವಾದುದು ಪರಿಗ್ರಹ ಪರಿಮಾಣ ವ್ರತ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತದ ಅತಿಚಾರಗಳನ್ನು ಹೇಳುವಾಗ ಕ್ಷೇತ್ರ ಮತ್ತು ವಾಸ್ತು, ಅಂದರೆ ಭೂಮಿ ಮತ್ತು ಮನೆ, ಎಲ್ಲಕ್ಕಿಂತ ಮೊದಲು ಬರುತ್ತವೆ. ತನ್ನ ನಿವೇಶನದ ಬೆಲೆ ಇಳಿದೀತೆಂದು ಪಕ್ಕದ ಮನೆಯಲ್ಲಿ ಯಾರು ಇರಬೇಕೆಂಬುದನ್ನೂ ನಿಶ್ಚಯಿಸಲು ಹೊರಟ ಗೃಹಸ್ಥನು, ಪತ್ರದಲ್ಲಿ ನಮೂದಾದ ಚಕ್ಕುಬಂದಿಯನ್ನು ಮೀರಿ ಇಡೀ ಬೀದಿಯನ್ನೇ ತನ್ನ ಪರಿಗ್ರಹಕ್ಕೆ ಸೇರಿಸಿಕೊಂಡಂತಾಯಿತು. ನೆರೆಯವರ ಭಯವೆಲ್ಲ ಸುಳ್ಳೆಂದಲ್ಲ. ಮೇಲ್ವಿಚಾರಣೆಯಿಲ್ಲದ ಮನೆಯಿಂದ ತೊಂದರೆಯಾಗಬಹುದು. ಅದಕ್ಕೆ ತಪಾಸಣೆ ಮದ್ದು, ಬಾಗಿಲು ಮುಚ್ಚುವುದಲ್ಲ.

ನಮ್ಮ ದೇಶದ ಕಾನೂನಿನಲ್ಲೂ ಕುಟುಂಬಕ್ಕೆ ಒಂದೇ ಅರ್ಥವಿಲ್ಲ. ಆದಾಯ ತೆರಿಗೆಯ ಲೆಕ್ಕದಲ್ಲಿ ಜೈನ ಮನೆತನಗಳೂ ಹಿಂದೂ ಅವಿಭಕ್ತ ಕುಟುಂಬವೆಂದೇ ಪರಿಗಣಿತವಾಗುತ್ತವೆ. ಅಲ್ಲಿ ವಂಶವೇ ಪ್ರಧಾನ. ಆಸ್ತಿಯ ಹಂಚಿಕೆಗೆ ಅಂತಹ ಎಣಿಕೆ ಬೇಕು, ವಾಸಕ್ಕೆ ಬೇಕಿಲ್ಲ. 2015ರ ಬಾಲನ್ಯಾಯ ಕಾಯದೆಯು ಸಮೂಹ ಪೋಷಣೆ ಎಂಬುದನ್ನು ಕುಟುಂಬದಂತಹ ಆರೈಕೆಯ ವ್ಯವಸ್ಥೆಯೆಂದು ವ್ಯಾಖ್ಯಾನಿಸಿದೆ. ಪಾಲನೆ, ರಕ್ಷಣೆ ಬೇಕಾದ ಮಕ್ಕಳನ್ನು ಇರಿಸಿಕೊಳ್ಳುವ ಸಂಸ್ಥೆಗಳಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ವಿದ್ಯಾರ್ಥಿ ನಿಲಯಗಳನ್ನು ನಡೆಸಿ ಅನುಭವವುಳ್ಳ ಬಸದಿ ಟ್ರಸ್ಟುಗಳು ಈ ಕಾರ್ಯಕ್ಕೆ ಮುಂದಾದರೆ ಮೊದಲು ಆ ನೋಂದಣಿಯ ನಿಯಮಗಳನ್ನು ಓದತಕ್ಕದ್ದು. ಕಟ್ಟಡದ ನಕ್ಷೆ ಆಮೇಲಿನದು. ನೆರೆಯವರನ್ನು ಕರೆದು ಕೂರಿಸಿ ಮಾತನಾಡುವುದು ನಕ್ಷೆಗಿಂತ ಮೊದಲಿನದು.