ಕೊರಡಿನಿಂದ ಸಾಬೂನಿಗೆ: ಮೈಸೂರಿನ ಗಂಧದೆಣ್ಣೆ ಉದ್ಯಮ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನವು ತನ್ನ ಕಾಡುಗಳ ಶ್ರೀಗಂಧವನ್ನು ಕೊರಡಿನ ರೂಪದಲ್ಲಿಯೇ ಹರಾಜು ಹಾಕುತ್ತಿತ್ತು. ಆ ಕೊರಡು ಜರ್ಮನಿಯಂತಹ ದೇಶಗಳಿಗೆ ಹೋಗಿ ಎಣ್ಣೆಯಾಗುತ್ತಿದ್ದುದರಿಂದ ಸಂಸ್ಥಾನಕ್ಕೆ ಮರದ ಬೆಲೆಯಷ್ಟೇ ದಕ್ಕಿ, ತಯಾರಿಕೆಯ ಲಾಭವೆಲ್ಲ ಹೊರಗಿನವರ ಪಾಲಾಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾಗಿ ಈ ವ್ಯಾಪಾರ ಕಡಿದುಬಿದ್ದಾಗ, ದಿವಾನ ಎಂ. ವಿಶ್ವೇಶ್ವರಯ್ಯನವರ ಆಡಳಿತ ಎಣ್ಣೆಯನ್ನು ಇಲ್ಲಿಯೇ ತೆಗೆಸಲು ಮುಂದಾಯಿತು.

ಕನೌಜಿನ ಅತ್ತರುಗಾರರು ಬಹುಕಾಲದಿಂದ ಗಂಧವನ್ನು ಬಟ್ಟಿ ಇಳಿಸುತ್ತಿದ್ದರಾದರೂ, ವಿದೇಶೀ ಔಷಧ ಮತ್ತು ಸುಗಂಧ ತಯಾರಕರು ಬಯಸುತ್ತಿದ್ದ ಏಕರೂಪದ ಗುಣಮಟ್ಟಕ್ಕೆ ರಸಾಯನಶಾಸ್ತ್ರದ ನೆರವು ಬೇಕಿತ್ತು. ಈ ಕೆಲಸಕ್ಕೆ ಮುಂದಾದವರು ಆಗ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದ ಆಲ್ಫ್ರೆಡ್ ಚಾಟರ್ಟನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದ ಸಡ್‌ಬರೊ ಮತ್ತು ವಾಟ್ಸನ್ ಪ್ರಯೋಗ ನಡೆಸಿದ ಮೇಲೆ, 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಎಣ್ಣೆಯ ಕಾರ್ಖಾನೆಗಳು ಕೆಲಸ ತೊಡಗಿದವು. ಎಣ್ಣೆ ಇರುವುದು ಚೇಗಿನಲ್ಲಿ, ಅಂದರೆ ಮರದ ಗಟ್ಟಿಯಾದ ಒಳಭಾಗದಲ್ಲಿ, ಮತ್ತು ಬೇರಿನಲ್ಲಿ. ಆದುದರಿಂದ ಹೊರಗಿನ ಬಿಳಿಯ ಪದರವನ್ನು ಕೆತ್ತಿ ತೆಗೆದು, ಚೇಗನ್ನು ಪುಡಿಮಾಡಿ, ಅದರ ಮೂಲಕ ಹಬೆ ಹಾಯಿಸಿ, ಹಬೆ ತಣಿದಾಗ ನೀರಿನ ಮೇಲೆ ನಿಲ್ಲುವ ಎಣ್ಣೆಯನ್ನು ಬೇರ್ಪಡಿಸಬೇಕು. ಪರಿಮಳಕ್ಕೆ ಮೂಲವಾದ ಸ್ಯಾಂಟಲಾಲ್ ಎಂಬ ಅಂಶ ಬಹಳ ನಿಧಾನವಾಗಿ ಆವಿಯೊಡನೆ ಹೊರಬರುವುದರಿಂದ, ಅವಸರಪಟ್ಟು ಬಟ್ಟಿಯನ್ನು ಮುಂಚೆಯೇ ನಿಲ್ಲಿಸಿದರೆ ಒಳ್ಳೆಯ ಎಣ್ಣೆ ಪುಡಿಯಲ್ಲಿಯೇ ಉಳಿದುಹೋಗುತ್ತದೆ.

ಎಣ್ಣೆ ಕೈಗೂಡಿದ ಬಳಿಕವೇ ಸಾಬೂನಿಗೆ ಕೈಹಾಕಿದ್ದು ಈ ಇತಿಹಾಸದ ಅತ್ಯಂತ ವಿವೇಕದ ನಡೆ. ರಸಾಯನತಜ್ಞ ಎಸ್. ಜಿ. ಶಾಸ್ತ್ರಿ ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದು ಗಂಧದ ಪರಿಮಳದ ಸಾಬೂನನ್ನು ರೂಪಿಸಿದರು. 1918ರ ಹೊತ್ತಿಗೆ ಅದು ಮಾರುಕಟ್ಟೆಗೆ ಬಂದಿತು. ಸಿಂಹದ ಮೈಗೆ ಆನೆಯ ತಲೆಯುಳ್ಳ ಶರಭದ ಮುದ್ರೆ, ಅಂಡಾಕಾರದ ಬಿಲ್ಲೆ, ಒಡವೆಯ ಪೆಟ್ಟಿಗೆಯಂತಹ ಹೊದಿಕೆ ಇವೆಲ್ಲವನ್ನೂ ತಯಾರಿಕೆಯಷ್ಟೇ ಶ್ರದ್ಧೆಯಿಂದ ಯೋಚಿಸಲಾಗಿತ್ತು. ಮುಂದೆ ಈ ಉದ್ಯಮವು 1980ರಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಲಿಮಿಟೆಡ್ ಎಂಬ ಸರ್ಕಾರಿ ಕಂಪನಿಯಾಯಿತು.

ಕಾರ್ಖಾನೆಗೆ ಸಿಕ್ಕ ಈ ದೂರದೃಷ್ಟಿ ಕಾಡಿಗೆ ಸಿಗಲಿಲ್ಲವೆಂಬುದು ನೋವಿನ ಸಂಗತಿ. ಎಲೆಗಳನ್ನು ಮುಳ್ಳಿನಂತೆ ಕಿರಿದಾಗಿಸಿ ಮರವನ್ನು ಕೊಲ್ಲುವ ಸ್ಪೈಕ್ ರೋಗ 1899ರಲ್ಲಿಯೇ ಕೊಡಗಿನಲ್ಲಿ ಕಂಡುಬಂದಿತ್ತು. ಇತ್ತ ತನ್ನ ಜಮೀನಿನಲ್ಲಿ ಬೆಳೆದ ಗಂಧವೂ ಸರ್ಕಾರದ್ದೇ ಆಗಿದ್ದುದರಿಂದ ರೈತನಿಗೆ ಅದನ್ನು ನೆಟ್ಟು ಕಾಪಾಡುವ ಆಸಕ್ತಿ ಹುಟ್ಟಲಿಲ್ಲ. ಆ ಮರದ ಒಡೆತನವನ್ನು ಭೂಮಾಲೀಕನಿಗೆ ಕೊಡುವ ಕಾನೂನು ತಿದ್ದುಪಡಿ ಬಂದದ್ದು 2001ರಲ್ಲಿ.