ಕಣ್ಣೊಳಗೆ ಕೂತ ಕನ್ನಡಕ

ಕಣ್ಣಿಗೆ ಧೂಳಿನ ಒಂದು ಕಣ ಬಿದ್ದರೂ ನಾವು ಚಡಪಡಿಸುತ್ತೇವೆ. ಹೀಗಿರುವಾಗ ಕಣ್ಣಿನೊಳಗೇ ಪ್ಲಾಸ್ಟಿಕ್ ಮಸೂರವೊಂದನ್ನು ಶಾಶ್ವತವಾಗಿ ಇರಿಸಬಹುದೆಂಬ ವಿಚಾರ ಹೊಳೆದದ್ದಾದರೂ ಹೇಗೆ? ಉತ್ತರ ಎರಡನೆಯ ಮಹಾಯುದ್ಧದಲ್ಲಿದೆ.

ಪೊರೆಯ ಚಿಕಿತ್ಸೆ ಹೊಸದೇನಲ್ಲ. ಸುಶ್ರುತ ಸಂಹಿತೆಯಲ್ಲೇ ಅದರ ವಿವರಣೆಯಿದೆ. 1747ರಲ್ಲಿ ಫ್ರಾನ್ಸಿನ ಜಾಕ್ ದಾವಿಯೆಲ್ ಪೊರೆಗಟ್ಟಿದ ಮಸೂರವನ್ನು ಹೊರತೆಗೆಯುವ ವಿಧಾನ ಆರಂಭಿಸಿದ. ಆದರೆ ಮಸೂರ ಹೋದ ಕಣ್ಣಿಗೆ ಬೆಳಕು ಬಂದರೂ ನೋಟ ಸ್ಪಷ್ಟವಾಗದು. ಅದಕ್ಕೇ ಸೋಡಾಬುಡ್ಡಿ ಕನ್ನಡಕ. ನಮ್ಮಲ್ಲಿ ಡಾ. ಎಂ.ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ನಡೆಸಿದ ಕಾಲದಲ್ಲೂ ಸಾಮಾನ್ಯರಿಗೆ ಅದೇ ಆಸರೆ.

ಯುದ್ಧದಲ್ಲಿ ಗಾಯಗೊಂಡ ಬ್ರಿಟಿಷ್ ವಿಮಾನ ಚಾಲಕರ ಕಣ್ಣುಗಳಲ್ಲಿ ಕಾಕ್‌ಪಿಟ್ಟಿನ ಪರ್ಸ್‌ಪೆಕ್ಸ್ ಚೂರುಗಳು ಹೊಕ್ಕಿದ್ದವು. ಅವು ಹೆಚ್ಚು ಉಪದ್ರವ ಕೊಡದೆ ಅಲ್ಲೇ ಉಳಿದದ್ದನ್ನು ನೇತ್ರತಜ್ಞ ಹೆರಾಲ್ಡ್ ರಿಡ್ಲಿ ಗಮನಿಸಿದರು. ಪೊರೆ ತೆಗೆದ ಜಾಗಕ್ಕೆ ಬದಲಿ ಮಸೂರ ಹಾಕುವುದಿಲ್ಲವೇಕೆ ಎಂದು ವಿದ್ಯಾರ್ಥಿಯೊಬ್ಬ ಕೇಳಿದ್ದೂ ಅವರ ತಲೆಯಲ್ಲಿತ್ತು. 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮೊದಲ ಪ್ರಯತ್ನ ನಡೆಯಿತು. 1950ರ ಫೆಬ್ರುವರಿಯಲ್ಲಿ ಮಸೂರ ಕಣ್ಣಿನಲ್ಲಿ ನೆಲೆನಿಂತಿತು.

ಆದರೆ ತೊಡಕುಗಳೂ ಜೊತೆಗೇ ಬಂದವು. ಪ್ಲಾಸ್ಟಿಕ್ ನಿಸರ್ಗದ ಮಸೂರಕ್ಕಿಂತ ಬೆಳಕನ್ನು ಹೆಚ್ಚು ಬಾಗಿಸುವುದರಿಂದ ಮೊದಲ ರೋಗಿಗೆ ತೀವ್ರ ಸಮೀಪದೃಷ್ಟಿ ಉಂಟಾಯಿತು. ಭಾರದಿಂದ ಕೆಲವು ಮಸೂರಗಳು ಜಾರಿದವು. ಕೆಲವು ಕಣ್ಣುಗಳಲ್ಲಿ ಉರಿಯೂತ ಉಂಟಾಯಿತು, ಒತ್ತಡ ಏರಿತು. ಹಲವು ಮಸೂರಗಳನ್ನು ಹೊರತೆಗೆಯಬೇಕಾಯಿತು. ಕಣ್ಣಿನಿಂದ ಅನ್ಯವಸ್ತುವನ್ನು ತೆಗೆಯುವುದೇ ವೈದ್ಯರ ಕೆಲಸ, ಇರಿಸುವುದಲ್ಲ ಎಂಬುದು ವಿರೋಧಿಗಳ ವಾದ. ಅದನ್ನು ಬರೀ ಅಸೂಯೆಯೆಂದು ತಳ್ಳಿಹಾಕುವಂತಿಲ್ಲ, ನೋವುಂಡವರು ರೋಗಿಗಳು.

ಮುಂದಿನವರು ಮಸೂರವನ್ನು ಪಾಪೆಯ ಮುಂದೆ ಕೂರಿಸಿ ನೋಡಿದರು. ಆಗ ಎಷ್ಟೋ ಕಣ್ಣುಗಳ ಕಾರ್ನಿಯಾ ಹಾಳಾಯಿತು. ಕಡೆಗೆ, ಹಗುರವಾದ ಮಸೂರದೊಂದಿಗೆ, ರಿಡ್ಲಿ ಆರಿಸಿದ್ದ ಪಾಪೆಯ ಹಿಂದಿನ ಸ್ಥಾನಕ್ಕೇ ಮರಳಿದರು. 1981ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ದೊರೆಯಿತು. 1992ರಲ್ಲಿ ಆರಂಭವಾದ ಮಧುರೆಯ ಅರೋಲ್ಯಾಬ್ ಕಡಿಮೆ ಬೆಲೆಗೆ ಮಸೂರ ತಯಾರಿಸಿ, ಬಡವರ ಕೈಗೂ ಅದನ್ನು ಎಟುಕಿಸಿತು.

ಇಂದಿಗೂ ತೊಡಕುಗಳು ಪೂರ್ತಿ ಮಾಯವಾಗಿಲ್ಲ. 'ಪೊರೆ ಮತ್ತೆ ಬಂತು' ಎಂದು ಕೆಲವರು ಹೇಳುವುದು ವಾಸ್ತವವಾಗಿ ಮಸೂರದ ಹಿಂದಿನ ತೆಳುಚೀಲ ಮಬ್ಬಾಗುವುದು; ಲೇಸರ್ ಕಿರಣದಿಂದ ಅದನ್ನು ಸರಿಪಡಿಸಬಹುದು. ಸೋಂಕು ಅಪರೂಪ, ಆದರೆ ಅಪಾಯಕಾರಿ. ಶಸ್ತ್ರಕ್ರಿಯೆಯ ನಂತರ ಕಣ್ಣು ನೋಯುತ್ತ, ಕೆಂಪೇರಿ, ದೃಷ್ಟಿ ಮಂದವಾದರೆ ಮರುದಿನಕ್ಕೆಂದು ಕಾಯದೆ ವೈದ್ಯರ ಬಳಿ ಹೋಗಬೇಕು.

ರಿಡ್ಲಿಯವರಿಗೂ ಮುಪ್ಪಿನಲ್ಲಿ ಪೊರೆ ಬಂತು. ಅದೇ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಎರಡೂ ಕಣ್ಣುಗಳಿಗೆ ಮಸೂರ ಅಳವಡಿಸಲಾಯಿತು. 2000ದಲ್ಲಿ ಅವರಿಗೆ ಸರ್ ಪದವಿ ಸಂದಿತು, ಮರುವರ್ಷ ತೀರಿಕೊಂಡರು. ಅರ್ಧ ಶತಮಾನದ ಹಿಂದೆ ದುಸ್ಸಾಹಸವೆನಿಸಿದ್ದು ಅಷ್ಟರಲ್ಲಿ ನಿತ್ಯದ ಚಿಕಿತ್ಸೆಯಾಗಿತ್ತು.