ಐದು ಸರಿ ಬಂದರೆ ಆರನೆಯದೂ ಸರೀನಾ?

ಕಳೆದ ತಿಂಗಳು ಆಫೀಸಿನಲ್ಲಿ ಒಂದು ಎಡವಟ್ಟು ಮಾಡಿಕೊಂಡೆ. ಫೈಲಿನಲ್ಲಿ ಎಷ್ಟು ಬೈಟ್ ಇದೆ ಅಂತ ಎಣಿಸುವ ಪುಟ್ಟ ಕೋಡು. ಐದು ಫೈಲು ಕೊಟ್ಟು ನೋಡಿದೆ, ಐದೂ ಸರಿ. ‘ಟೆಸ್ಟಿಂಗ್ ಮುಗಿಯಿತು’ ಅಂತ ಮೇಲ್ ಬರೆದು ಕಳಿಸಿಬಿಟ್ಟೆ. ಗ್ರಾಹಕರ ಹತ್ತಿರ ನಾಲ್ಕು ಜಿಬಿ ದಾಟಿದ ಫೈಲೊಂದು ಬಂದದ್ದೇ ತಡ, ಎಣಿಕೆ ಮತ್ತೆ ಸೊನ್ನೆಯಿಂದ ಶುರು!

ಕಾರಣ ಇಷ್ಟೇ. ನಾನು ಬಳಸಿದ 32 ಬಿಟ್ಟಿನ ಡಬ್ಬಿಯಲ್ಲಿ 4,29,49,67,295ರವರೆಗೆ ಮಾತ್ರ ಹಿಡಿಸುತ್ತದೆ. ಅದಕ್ಕಿಂತ ಎರಡು ಹೆಚ್ಚಾದ 4,29,49,67,297 ಅದರೊಳಗೆ ಬರೀ 1 ಆಗಿ ಕೂರುತ್ತದೆ. ಈ ಸಂಖ್ಯೆಯನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಹೌದು, ಇದೇ ಸಂಖ್ಯೆ ಫರ್ಮಾನನ್ನೂ ಬೀಳಿಸಿತ್ತು!

ಪಿಯೆರ್ ದ ಫರ್ಮಾ ಫ್ರಾನ್ಸಿನ ತೂಲೂಸಿನಲ್ಲಿ ನ್ಯಾಯಾಲಯದ ಕೆಲಸದಲ್ಲಿದ್ದವನು; ಗಣಿತ ಅವನ ಹುಚ್ಚು. 2ರಿಂದ ಶುರು ಮಾಡಿ ವರ್ಗ ಮಾಡುತ್ತಾ ಹೋಗಿ: 2, 4, 16, 256, 65536. ಪ್ರತಿಯೊಂದಕ್ಕೂ 1 ಕೂಡಿಸಿ: 3, 5, 17, 257, 65537. ಐದೂ ಅವಿಭಾಜ್ಯ ಸಂಖ್ಯೆಗಳು! ಮುಂದಿನವೂ ಹೀಗೇ ಇರಬೇಕು ಅಂತ 1640ರಲ್ಲಿ ಆತ ಫ್ರೆನಿಕಲ್‌ಗೆ ಪತ್ರ ಬರೆದ. ಆರನೆಯದೇ ನಮ್ಮ 4,29,49,67,297.

1729ರಲ್ಲಿ ಗೋಲ್ಡ್‌ಬಾಕ್ ಈ ಮಾತನ್ನು ಆಯ್ಲರನ ಕಿವಿಗೆ ಹಾಕಿದ. ಮೂರು ವರ್ಷದ ನಂತರ, 1732ರಲ್ಲಿ, ಆಯ್ಲರ್ ಉತ್ತರ ಕೊಟ್ಟ: ಇದು 641 × 67,00,417.

ಹೇಗೆ ಹಿಡಿದ? ಇದನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದಾಗ ಶೇಷ 1 ಉಳಿಯಲೇಬೇಕು ಅಂತ ಆಮೇಲೆ ಆತ ತೋರಿಸಿಕೊಟ್ಟ. ಅಂಥ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಐದನೇ ಭಾಗಾಕಾರಕ್ಕೇ ಕಳ್ಳ ಸಿಕ್ಕಿಬಿದ್ದ! ತಮಾಷೆ ಅಂದರೆ ಈ ನಿಯಮದ ಬೇರು ಇರುವುದು ಅದೇ 1640ರಲ್ಲಿ ಫರ್ಮಾನೇ ಹೇಳಿದ್ದ ಇನ್ನೊಂದು ಪ್ರಮೇಯದಲ್ಲಿ. ಬೀಗದ ಕೈ ಅವನ ಜೇಬಿನಲ್ಲೇ ಇತ್ತು.

65537 ಈಗಲೂ ಅಂತರ್ಜಾಲದ ಗುಪ್ತಲಿಪಿಗಳಲ್ಲಿ ದುಡಿಯುತ್ತಿದೆ. ಅದರಾಚೆ ಈ ಸಾಲಿನಲ್ಲಿ ಇನ್ನೊಂದು ಅವಿಭಾಜ್ಯ ಇವತ್ತಿನವರೆಗೂ ಸಿಕ್ಕಿಲ್ಲ. ಹಾಗಂತ ‘ಇಲ್ಲವೇ ಇಲ್ಲ’ ಅನ್ನುವಂತೆಯೂ ಇಲ್ಲ, ಅದನ್ನೂ ಯಾರೂ ಸಾಧಿಸಿಲ್ಲ.

ಇದನ್ನೆಲ್ಲ ಓದಿ ನನ್ನ ತಪ್ಪಿಗೆ ದೊಡ್ಡವರ ಜೊತೆ ಸಿಕ್ಕಿತಲ್ಲ ಅಂತ ಸಮಾಧಾನ ಮಾಡಿಕೊಳ್ಳೋಣ ಅಂದುಕೊಂಡೆ. ಆಗಲಿಲ್ಲ ಕಣ್ರೀ. ಯಾಕೆಂದರೆ ಫರ್ಮಾ ಆ ಪತ್ರದಲ್ಲೇ ತನ್ನ ಬಳಿ ಪೂರ್ತಿ ಸಾಧನೆ ಇಲ್ಲ ಅಂತ ಒಪ್ಪಿಕೊಂಡಿದ್ದ. ನಾನು ಬರೆದದ್ದು ‘ಟೆಸ್ಟಿಂಗ್ ಮುಗಿಯಿತು’ ಅಂತ. ‘ಐದು ಫೈಲು ನೋಡಿದ್ದೇನೆ, ಅಷ್ಟೇ’ ಅಂತ ಬರೆದಿದ್ದರೆ ಆರನೆಯದನ್ನು ಬೇರೆ ಯಾರಾದರೂ ಪರೀಕ್ಷಿಸುತ್ತಿದ್ದರೋ ಏನೋ.

ಕೋಡು ತಿದ್ದಿದ್ದಾಯಿತು. ಮೇಲ್ ಬರೆಯುವ ಅಭ್ಯಾಸವನ್ನು ಇನ್ನೂ ತಿದ್ದಿಕೊಳ್ಳುತ್ತಿದ್ದೇನೆ :)